ಚಿಲಕವಿರುವ ಅಕ್ಷರ

ಮೊದಲು ಇಲಿ ಎಂದುಕೊಂಡೆ. ಕರ್, ಕರ್ ಎಂದು ಎರಡು ಸಲ. ಆಮೇಲೆ ಯಾರೋ ಉಸಿರು ಹಿಡಿದು ಕೂತಂತೆ ಮೌನ. ಮತ್ತೆ ಒಂದು ಸಲ ಕರ್. ಗಡಿಯಾರದಲ್ಲಿ ಒಂದೂಕಾಲು. ನರಗುಂದದ ನಮ್ಮ ಓಣಿಯಲ್ಲಿ ಆ ಹೊತ್ತಿಗೆ ನಾಯಿಗಳೂ ಮಲಗಿರುತ್ತವೆ. ಇಲಿಗೆ ಇಷ್ಟು ತಾಳ್ಮೆ ಇರುವುದಿಲ್ಲ ಎಂದು ಹೊಳೆದ ಮೇಲೆ ಎದ್ದೆ. ದೀಪ ಹಾಕದೆ, ಗೋಡೆ ಹಿಡಿದುಕೊಂಡು ನಡುಮನೆಗೆ ಬಂದೆ.

ಅತ್ತೆಯವರ ಕೋಣೆಯ ಬಾಗಿಲು ಒಂದು ಗೇಣು ತೆರೆದಿತ್ತು. ಅತ್ತೆ, ನರ್ಮದಾಬಾಯಿ, ಮಂಚದ ಅಂಚಿಗೆ ಕೂತಿದ್ದರು. ತೊಡೆಯ ಮೇಲೆ ಬಿಳಿ ಟವೆಲ್ಲು, ಅದರ ಮೇಲೆ ಬೋರಲಾಗಿ ಅವರ ಅಪ್ಪನ ಬೆಳ್ಳಿ ಪದಕ. ಬಲಗೈಯಲ್ಲಿ ತಲೆಗೆ ಸಿಗಿಸುವ ಪಿನ್ನು. ಅದರ ತುದಿಯನ್ನು ಪದಕದ ಬೆನ್ನಿನ ಒಂದೇ ಜಾಗಕ್ಕೆ ಒತ್ತಿ ಕೆರೆಯುತ್ತಿದ್ದರು. ನಿಲ್ಲಿಸಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮತ್ತೆ ಕೆರೆಯುತ್ತಿದ್ದರು.

ಯಾವ ಜಾಗ ಎಂದು ನನಗೆ ಗೊತ್ತಿತ್ತು. ಯಾಕೆ ಎಂಬುದೂ ಗೊತ್ತಿದೆ ಎಂದುಕೊಂಡೆ. ಸದ್ದಾಗದಂತೆ ಹಿಂದೆ ಸರಿದು ಹಾಸಿಗೆಗೆ ಬಂದೆ. ಗಂಡ ಸುಮೇಧ ಬ್ಯಾಂಕಿನ ಕೆಲಸಕ್ಕೆಂದು ಆ ವಾರ ಗಜೇಂದ್ರಗಡದಲ್ಲೇ ಉಳಿದಿದ್ದ. ಫೋನು ಕೈಗೆ ತೆಗೆದುಕೊಂಡೆ, ಇಟ್ಟೆ. ಇಂಥ ಹೊತ್ತಿನಲ್ಲಿ ಫೋನು ಮಾಡಿ ಏನೆಂದು ಹೇಳುವುದು? ನಿಮ್ಮ ತಾಯಿ ಪದಕದ ಮೇಲಿನ ಹೆಸರನ್ನು ಅಳಿಸುತ್ತಿದ್ದಾರೆ ಎಂದೇ?

ಮರುದಿನ ರೋಣದಲ್ಲಿ ಆ ಪದಕಕ್ಕೆ ಸನ್ಮಾನವಿತ್ತು. ಪದಕಕ್ಕೆ ಎಂದರೆ, ಅದನ್ನು ಪಡೆದ ವಾಸುದೇವ ಚಿಂತಾಮಣಿ ಸವಡಿಕರರಿಗೆ. ಅವರು ತೀರಿ ನಲವತ್ತು ವರ್ಷವಾಗಿರುವುದರಿಂದ ಅವರ ಒಬ್ಬಳೇ ಮಗಳಾದ ನನ್ನ ಅತ್ತೆಗೆ. ವಾಸುದೇವ ಅಜ್ಜ ಸವಡಿಯಲ್ಲಿ ಹುಟ್ಟಿದವರು. ಮುಂಬೈಗೆ ಹೋಗಿ ಒಂದು ಸಿನಿಮಾ ಸ್ಟುಡಿಯೋದಲ್ಲಿ ಧ್ವನಿಮುದ್ರಣದ ಕೆಲಸಕ್ಕೆ ಸೇರಿದ್ದರು. ಯುದ್ಧದ ಕಾಲದಲ್ಲಿ ಫಿಲ್ಮಿಗೂ ರೇಷನ್ ಇದ್ದು, ಚಿತ್ರಗಳೇ ಕಡಿಮೆಯಾಗಿ, ಬಹುಮಾನ ಕೊಡುವ ಒಂದು ರಸಿಕರ ಸಂಘವೂ ಬಾಗಿಲು ಮುಚ್ಚಿತ್ತಂತೆ. ಯುದ್ಧ ಮುಗಿದ ಮೂರನೆಯ ವರ್ಷ ಆ ಸಂಘ ಮತ್ತೆ ಸಮಾರಂಭ ಮಾಡಿತು. ಅಂದು ಬಂದ ಪದಕ ಇದು.

ಮದುವೆಯಾಗಿ ಬಂದ ಹನ್ನೊಂದು ವರ್ಷದಲ್ಲಿ ಆ ಸಂಜೆಯ ಕಥೆಯನ್ನು ಅತ್ತೆಯ ಬಾಯಿಂದ ಎಷ್ಟು ಸಲ ಕೇಳಿದ್ದೇನೋ. ವೇದಿಕೆಯ ಪರದೆಗೆ ಸಾಕಷ್ಟು ಬಟ್ಟೆ ಸಿಗದೆ ಎರಡು ಬಗೆಯ ಕೆಂಪು ಜೋಡಿಸಿ ಹೊಲಿದಿದ್ದರು. ಮೈಕಿನವನು 'ಧ್ವನಿಮುದ್ರಣ, ಸವಡಿಕರ' ಎಂದು ಕೂಗಿದ. ಮೂರು ವರ್ಷದ ನರ್ಮದಾ ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಅಪ್ಪ ಮಗುವನ್ನು ಎತ್ತಿಕೊಂಡೇ ವೇದಿಕೆ ಹತ್ತಿದರು. ಚಪ್ಪಾಳೆಗೆ ಎಚ್ಚರವಾಗಿ ಮಗು ಚೀರಿತು. ಆ ಫೋಟೋ ನಮ್ಮ ನಡುಮನೆಯಲ್ಲಿದೆ: ಕೋಟು ತೊಟ್ಟ ತೆಳ್ಳನೆಯ ಮನುಷ್ಯ, ಹೆಗಲ ಮೇಲೆ ಬಾಯಿ ತೆರೆದ ಮಗು. "ಎಲ್ಲಾರಿಗಿಂತ ಜೋರು ಧ್ವನಿ ನಂದಽ ಇತ್ತು, ಪದಕ ನಂಗ ಕೊಡಬೇಕಿತ್ತು" ಎಂದು ಅತ್ತೆ ಪ್ರತಿಸಲ ನಗುತ್ತಿದ್ದರು.

ರೋಣದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಸನ್ಮಾನದ ಯೋಚನೆ ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷ ಗುರುಸಂಗಪ್ಪನವರದು. ಕಾಳಿನ ವ್ಯಾಪಾರಿ, ಸವಡಿಯವರೇ. ನೆನಪಿನ ಸಂಚಿಕೆಗೆ ಮುಖ್ಯ ಲೇಖನ ಬರೆಯುವ ಕೆಲಸ ನನಗೆ ಬಂತು. ಪ್ರತಿಯೊಂದು ವಾಕ್ಯವನ್ನು ಎರಡೆರಡು ಸಲ ನೋಡಿ ಬರೆದೆ. 'ಈ ಗೌರವ ನಿಸ್ಸಂದೇಹವಾಗಿ ನಮ್ಮ ತಾಲ್ಲೂಕಿನ ವಾಸುದೇವ ಸವಡಿಕರರದು' ಎಂದು ಬರೆದಿದ್ದೆ. 'ನಿಸ್ಸಂದೇಹವಾಗಿ' ಎಂಬ ಶಬ್ದವನ್ನು ಕೊನೆಗೆ ಸೇರಿಸಿದ್ದು ನಾನೇ. ವಾಕ್ಯ ಸ್ವಲ್ಪ ಬಡವಾಗಿ ಕಂಡಿತ್ತು.

ಅಷ್ಟರಲ್ಲಾಗಲೇ ಸಭೆಯೊಂದರಲ್ಲಿ ಗುರುಸಂಗಪ್ಪನವರು ಹೀಗೆ ಹೇಳಿದ್ದರು:

"ಅಕ್ಕಾರ, ನಮ್ಮವ್ವನ ಅಪ್ಪ ವಿರುಪಾಕ್ಷಪ್ಪ ಅಂತಿದ್ದಾ. ಅವನೂ ಅದಽ ಸ್ಟುಡಿಯೋದಾಗ, ಅದಽ ಕೆಲಸ. ಇಬ್ಬರೂ ಒಂದಽ ಖೋಲ್ಯಾಗ ಇರ್ತಿದ್ರು. ಮುಂಬೈಯಾಗ ಅವನೂ ಸವಡಿಕರ, ಇವರೂ ಸವಡಿಕರ! ನಮ್ಮ ಮಂದಿ ಅಲ್ಲಿಗೆ ಹೋದಕೂಡ್ಲೆ ಊರಿಗೊಂದು 'ಕರ' ಹಚ್ಚಿ ಅಡ್ಡಹೆಸರು ಮಾಡ್ಕೊಂಡ್ರ ಮುಗೀತಲ್ರಿ. ಅಂವ ಕೆಲಸ ಬಿಟ್ಟು ಊರಿಗೆ ಬಂದ ಮ್ಯಾಲೆ 'ಆ ಮೆಡಲ್ ನಂದು' ಅಂತ ನಮ್ಮವ್ವನ ಮುಂದ ಹೇಳ್ತಿದ್ನಂತ. ಒಬ್ಬಾಕಿ ಮುಂದ. ಈಕಿ ಇನ್ನೂ ನಂಬಕೊಂಡ ಕುಂತಾಳ ನೋಡ್ರಿ!"

ಹೊಟ್ಟೆ ಕುಲುಕಿಸಿ ನಕ್ಕಿದ್ದರು. ಎಲ್ಲರೂ ನಕ್ಕರು. ಅಧ್ಯಕ್ಷರು ನಕ್ಕಾಗ ನಾನೂ ನಕ್ಕೆ.

ಸನ್ಮಾನದ ಹಿಂದಿನ ದಿನ ಮಧ್ಯಾಹ್ನ ಪದಕವನ್ನು ಬೆಳಗಲು ಕೂತೆ. ವಿಭೂತಿ, ನಿಂಬೆಹುಳಿ, ಹಳೆಯ ಹಲ್ಲುಜ್ಜುವ ಬ್ರಶ್ಶು. ಬೆನ್ನಿಗೆ ಇಂಗ್ಲಿಷ್ ದೊಡ್ಡಕ್ಷರದಲ್ಲಿ 'ವಿ. ಸಿ. ಸವಡಿಕರ' ಎಂದು ಕೊರೆದಿದ್ದರು. ಹಾಗೆಂದು ನಾವೆಲ್ಲ ಓದುತ್ತ ಬಂದಿದ್ದೆವು. ವಿ ಎಂದರೆ ವಾಸುದೇವ, ಸಿ ಎಂದರೆ ಅವರ ತಂದೆ ಚಿಂತಾಮಣಿ. ಎಪ್ಪತ್ತೇಳು ವರ್ಷದ ಕಪ್ಪು ಅಕ್ಷರದ ಗೆರೆಗಳಲ್ಲಿ ಗಟ್ಟಿಯಾಗಿ ಕೂತಿತ್ತು. ಉಜ್ಜಿದಂತೆ ಅದು ಬಿಡತೊಡಗಿತು. ಆಗ 'ಸಿ' ಅಕ್ಷರದ ಬಾಯೊಳಗೆ ಒಂದು ಸಣ್ಣ ಅಡ್ಡಗೆರೆ ಕಂಡಿತು.

ಗೀರು ಎಂದುಕೊಂಡೆ. ಭೂತಗನ್ನಡಿ ತಂದು ನೋಡಿದೆ. ಗೀರಲ್ಲ, ಉಳಿ ಕೊರೆದ ಗೆರೆ. ಅಕ್ಷರ 'ಸಿ' ಅಲ್ಲ, 'ಜಿ'. ವಿ. ಜಿ. ಸವಡಿಕರ. ವಿರುಪಾಕ್ಷಪ್ಪ ಗುರುಸಂಗಪ್ಪ. ನಮ್ಮ ಅಧ್ಯಕ್ಷರಿಗೆ ಮುತ್ತಜ್ಜನ, ಅಂದರೆ ವಿರುಪಾಕ್ಷಪ್ಪನ ತಂದೆಯ, ಹೆಸರನ್ನೇ ಇಟ್ಟಿದ್ದಾರೆ ಎಂದು ನಾನೇ ಸಂಚಿಕೆಯಲ್ಲಿ ಅವರ ಪರಿಚಯ ಬರೆದಿದ್ದೆ.

ಆದಷ್ಟು ಹಗುರವಾಗಿ ಕೇಳಿದೆ:

"ಅತ್ತಿ, ಅಜ್ಜಾರ ತಂದಿ ಹೆಸರು ಚಿಂತಾಮಣಿ ಅಲ್ಲೇನ್ರಿ?"

"ಹೌದಲ್ಲ. ಯಾಕ?"

"ಏನಿಲ್ರಿ. ಪುಸ್ತಕದಾಗ ಬರೋಬರಿ ಹಾಕ್ಯಾರೋ ಇಲ್ಲೋ ಅಂತ."

ಅತ್ತೆ ಪದಕವನ್ನು ನೋಡಿದರು, ನನ್ನ ಕೈಯ ಬ್ರಶ್ಶನ್ನು ನೋಡಿದರು, ಆಮೇಲೆ ನನ್ನ ಮುಖವನ್ನು. "ಇತ್ಲಾಗ ಕೊಡು. ಭಾಳ ತಿಕ್ಕಬ್ಯಾಡ, ಸವೀತದ" ಎಂದು ತೆಗೆದುಕೊಂಡು ಒಳಗೆ ಹೋದರು. ಆ ಗೆರೆಯಲ್ಲಿ ಇನ್ನೂ ಅರ್ಧ ಕಪ್ಪು ಉಳಿದಿತ್ತು. ಗೊತ್ತಿಲ್ಲದವರು 'ಸಿ' ಎಂದೇ ಓದಬಹುದಿತ್ತು. ಅದೊಂದೇ ಧೈರ್ಯದಲ್ಲಿ ನಾನು ಮಲಗಿದ್ದೆ.

ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದ ತಕ್ಷಣ ಪದಕದ ಡಬ್ಬಿ ತೆರೆದೆ. ಗೆರೆ ಅಳಿಸಿರಲಿಲ್ಲ. ಮೊದಲಿಗಿಂತ ಆಳವಾಗಿ, ಬೆಳ್ಳಗೆ ಹೊಳೆಯುತ್ತಿತ್ತು. ಪಾಪ, ಎಂಬತ್ತರ ಕೈ, ಅಳಿಸಲು ಹೋಗಿ ಇನ್ನಷ್ಟು ಎದ್ದು ಕಾಣುವಂತೆ ಮಾಡಿಬಿಟ್ಟಿದ್ದಾರೆ ಎಂದುಕೊಂಡೆ. ಬಾಗಿಲಿನಾಚೆ ನಿಂತು ನೋಡಿದರೂ 'ಜಿ' ಎಂದು ಓದಬಹುದಾದಷ್ಟು ಸ್ಪಷ್ಟ.

ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ಕೇಳುತ್ತಿತ್ತು. ನಾನು ಲೆಕ್ಕ ಹಾಕಿದೆ. ಇಂದು ಇದನ್ನು ಗುರುಸಂಗಪ್ಪ ಕೈಯಲ್ಲಿ ಹಿಡಿಯುತ್ತಾರೆ. ಅವರ ತಾಯಿ ಹೊನ್ನವ್ವ ಬರುತ್ತಾರೆ. ಫೋಟೋ ತೆಗೆಯುವವರು, ಪೇಪರಿನವರು ಬರುತ್ತಾರೆ. ತುಂಬಿದ ಸಭೆಯಲ್ಲಿ ಯಾರಾದರೊಬ್ಬರು ಇದನ್ನು ತಿರುಗಿಸಿ ಓದಿದರೆ ಅತ್ತೆಯ ಅಪ್ಪ ಕಳ್ಳನಾಗುತ್ತಾರೆ. ಹೋದ ವರ್ಷವಷ್ಟೇ ಅತ್ತೆಯ ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದೆವು. ಇನ್ನು 'ನಿಸ್ಸಂದೇಹವಾಗಿ' ಎಂದು ಬರೆದ ಅತಿಥಿ ಉಪನ್ಯಾಸಕಿಯನ್ನು ಮುಂದಿನ ವರ್ಷ ಯಾರು ಕರೆಯುತ್ತಾರೆ?

ದೇವರ ಕೋಣೆಯ ಗೂಡಿನಲ್ಲಿ ಕುಂಕುಮದ ಕೆಳಗೆ ಹಚ್ಚಿಕೊಳ್ಳುವ ಮೇಣದ ಡಬ್ಬಿ ಇತ್ತು. ಉಗುರಿನ ತುದಿಯಷ್ಟು ಮೇಣ ತೆಗೆದು, ಸಮೆ ದೀಪದ ಬತ್ತಿಯ ಕಾಡಿಗೆ ಬೆರೆಸಿ, ಬೆರಳ ಬಿಸಿಗೆ ಮೆತ್ತಗೆ ಮಾಡಿ ಆ ಗೆರೆಗೆ ತುಂಬಿದೆ. ಸೆರಗಿನಿಂದ ಒರೆಸಿದೆ. ಗೆರೆ ಮಾಯವಾಯಿತು. 'ಸಿ'. ಆ ಮನೆಯಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಅಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ. ಪದಕವನ್ನು ಅದರ ಡಬ್ಬಿಗೆ ಹಾಕಿ ಇದ್ದಲ್ಲೇ ಇಟ್ಟೆ. ಅತ್ತೆಗೆ ಹೇಳಲಿಲ್ಲ. ಹೇಳಿದರೆ ರಾತ್ರಿ ನಾನು ನೋಡಿದ್ದನ್ನೂ ಹೇಳಬೇಕಾಗುತ್ತಿತ್ತು.

ಬಾಡಿಗೆ ಕಾರಿನ ಇಮ್ರಾನ ಹತ್ತು ಗಂಟೆಗೆ ಬಂದ. ದಾರಿಯುದ್ದಕ್ಕೂ ಅತ್ತೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈ ಮುಚ್ಚಿಕೊಂಡಿದ್ದರು. ಆಚೀಚೆ ಕಡಲೆ ಹೊಲಗಳು ಒಣಗಿ ಕೀಳುವ ಹದಕ್ಕೆ ಬಂದಿದ್ದವು. ಕನ್ನಡಿಯಲ್ಲಿ ಅತ್ತೆಯ ಮುಖ ನೋಡಿ ಇಮ್ರಾನ ಮಾತು ತೆಗೆದ:

"ಏನಜ್ಜೀ, ನೀವೂ ಸಿನಿಮಾದಾಗ ಇದ್ರಂತಲ್ರಿ. ಹೀರೋಯಿನ್ನಾ?"

"ಹೂಂನಪ್ಪಾ. ಒಂದಽ ಸೀನು. ಬರೇ ಅಳೂದು."

"ನಮ್ಮ ಮನೀಯಾಕಿಗೂ ಅಂಥಾ ಪಾರ್ಟ್ ಕೊಡಸ್ರಿ, ದಿನಾ ರಿಹರ್ಸಲ್ ಮಾಡ್ತಾಳ."

ಎಂದಿನ ಅತ್ತೆಯಾಗಿದ್ದರೆ ಇನ್ನೊಂದು ಮಾತು ಸೇರಿಸುತ್ತಿದ್ದರು. ಇಂದು ನಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಹೊನ್ನವ್ವ ಬರ್ತಾಳಂತೇನು?"

"ಬರ್ತಾರಂತ್ರಿ."

"ಖರೇನಽ?"

"ಖರೇನಽ ರಿ. ಅಧ್ಯಕ್ಷರು ನಿನ್ನೆ ಹೇಳಿದ್ರು."

ಅವರು ತಲೆಯಾಡಿಸಿದರು. ಡಬ್ಬಿಯ ಮೇಲಿನ ಬೆರಳುಗಳು ಬಿಗಿಯಾದವು. ಅಂಜಿದ್ದಾರೆ ಎಂದುಕೊಂಡೆ. 'ಅಂಜಬ್ಯಾಡ್ರಿ, ನಾ ಮುಚ್ಚೀನಿ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಇಮ್ರಾನ ಇದ್ದುದರಿಂದ ನುಂಗಿಕೊಂಡೆ.

ಕಾಲೇಜಿನ ಸಭಾಂಗಣ ತುಂಬಿತ್ತು. ವೇದಿಕೆಯ ಹಿಂದೆ ನಮ್ಮ ನಡುಮನೆಯ ಫೋಟೋವನ್ನು ಗೋಡೆಯಷ್ಟು ದೊಡ್ಡದು ಮಾಡಿ ಕಟ್ಟಿದ್ದರು. ಅಳುವ ಮಗುವಿನ ಬಾಯಿಯೇ ಒಂದು ಕಿಟಕಿಯಷ್ಟಿತ್ತು. ಬದಿಯಲ್ಲಿ ಪದಕ ಇಡಲು ಗಾಜಿನ ಪೆಟ್ಟಿಗೆ. ಅದರ ಕೀಲಿ ನನ್ನ ಕೈಗೆ ಕೊಟ್ಟಿದ್ದರು. ಮೊದಲ ಸಾಲಿನಲ್ಲಿ ಹೊನ್ನವ್ವ ಕೂತಿದ್ದರು. ಇಳಕಲ್ಲ ಸೀರೆ, ಹಣೆಗೆ ವಿಭೂತಿ, ದಪ್ಪ ಕನ್ನಡಕ. ಕಣ್ಣಿನ ಆಪರೇಶನ್ ಕೆಟ್ಟು ಈಗ ನೆರಳಷ್ಟೇ ಕಾಣುತ್ತದೆ ಎಂದು ಗುರುಸಂಗಪ್ಪ ಹೇಳಿದರು. ಒಬ್ಬ ಮುದುಕಿಗೆ ಕಣ್ಣು ಕಾಣದಿರುವುದು ನನಗೆ ಸಮಾಧಾನ ಕೊಟ್ಟಿತು.

ಹಾರ, ಶಾಲು, ಗುರುಸಂಗಪ್ಪನವರ ಉದ್ದನೆಯ ಭಾಷಣ. 'ಸವಡಿ ಮಣ್ಣಿನ ಮಗ ಮುಂಬೈಯಾಗ ಮೆಡಲ್ ಹೊಡದಾನ' ಎಂದು ಮೂರು ಸಲ ಹೇಳಿದರು. ನನ್ನ ಲೇಖನದ ಕೊನೆಯ ವಾಕ್ಯವನ್ನು ಓದಿದರು. 'ನಿಸ್ಸಂದೇಹವಾಗಿ' ಎಂಬುದನ್ನು ಒತ್ತಿ ಓದಿದರು. ಆಮೇಲೆ ಅತ್ತೆಯ ಮುಂದೆ ಮೈಕು ಹಿಡಿದರು.

"ನಂಗ ಭಾಷಣ ಬರೂದಿಲ್ಲ" ಎಂದರು ಅತ್ತೆ. "ಈ ಪದಕ ಪೆಟಗಿ ಸೇರೂಕಿಂತ ಮೊದಲ, ಹೊನ್ನವ್ವ ಒಂದ ಸಲ ಕೈಯಾಗ ಹಿಡದು ನೋಡಲಿ. ಬೆನ್ನಿನ ಕಡೆ ನೋಡಲಿ. ಇಷ್ಟಽ ನನ್ನ ಮಾತು."

ಸಭೆ ಚಪ್ಪಾಳೆ ತಟ್ಟಿತು. ಬೆನ್ನಿನ ಕಡೆ ಎಂದು ಯಾಕೆ ಹೇಳಿದರು? ಗುರುಸಂಗಪ್ಪ ಖುಷಿಯಿಂದ ಪದಕ ಒಂದು ಕೈಯಲ್ಲಿ, ಮೈಕು ಇನ್ನೊಂದು ಕೈಯಲ್ಲಿ ಹಿಡಿದು ತಾಯಿಯ ಹತ್ತಿರ ಇಳಿದು ಬಂದರು.

"ಹಿಡಿಯವ್ವಾ. ನಿಮ್ಮಪ್ಪನ ಮೆಡಲ್ಲು!" ಎಂದು ಸಭೆಗೆ ಕಣ್ಣು ಹೊಡೆದರು. ಎರಡು ಮೂರು ಸಾಲು ನಕ್ಕವು.

ಹೊನ್ನವ್ವ ನಗಲಿಲ್ಲ. ಪದಕವನ್ನು ಅಂಗೈಯಲ್ಲಿ ತೂಗಿದರು. ಬೋರಲು ಮಾಡಿದರು.

"ನಾ ಸಾಲಿ ಕಲತಾಕಿ ಅಲ್ಲ" ಎಂದರು. ಮೈಕು ಹತ್ತಿರವಿದ್ದುದರಿಂದ ಎಲ್ಲರಿಗೂ ಕೇಳಿಸಿತು. "ಇಂಗ್ಲಿಷನಾಗ ಒಂದಽ ಅಕ್ಷರ ಬರತೈತಿ ನನಗ. ನಮ್ಮಪ್ಪ ಒಲಿ ಮುಂದ ಬೂದ್ಯಾಗ ಬರದು ಕಲಿಸಿದ್ದಾ. ಗುಂಡಗ ಒಂದು ಬಾಗಲಾ, ಅದರ ಒಳಗ ಸಣ್ಣದೊಂದು ಚಿಲಕ. 'ಇದು ನಮ್ಮಪ್ಪನ, ನಿಮ್ಮ ಮುತ್ತ್ಯಾನ ಅಕ್ಷರ ಹೊನ್ನೀ, ಆ ಮೆಡಲಿನ ಹಿಂದ ಐತಿ, ನಾ ಖೋಲ್ಯಾಗ ಕಣ್ಣಾರೆ ನೋಡೇನಿ' ಅಂತಿದ್ದಾ."

ತೋರುಬೆರಳನ್ನು ಅಕ್ಷರಗಳ ಮೇಲಿಟ್ಟರು. ಬಿತ್ತಿ, ಕಳೆ ಕಿತ್ತು, ಜೋಳ ಹಸನು ಮಾಡಿ ಒರಟಾದ ಬೆರಳು. ಆದರೂ ಬಹಳ ಮೆಲ್ಲಗೆ ಚಲಿಸುತ್ತಿತ್ತು. 'ವಿ' ದಾಟಿತು. ಚುಕ್ಕೆ ದಾಟಿತು. ಗುಂಡನೆಯ ಅಕ್ಷರದ ಮೇಲೆ ಬಂದು ನಿಂತಿತು. ಸುತ್ತಿತು. ಒಳಗೆ ಹೋಯಿತು. ಹೊರಗೆ ಬಂತು. ಇನ್ನೊಂದು ಸಲ ಸುತ್ತಿತು.

"ಚಿಲಕ ಇಲ್ಲ" ಎಂದರು ಹೊನ್ನವ್ವ.

ಅದು ಕೂಗಿ ಹೇಳಿದ ಮಾತಲ್ಲ. ಮೈಕು ಅದನ್ನು ಹಿಂದಿನ ಗೋಡೆಯವರೆಗೂ ಒಯ್ದಿತು.

"ನೋಡ್ರೆಪಾ!" ಗುರುಸಂಗಪ್ಪ ನಕ್ಕರು. "ಎಷ್ಟ ಸಲ ಬಡಕೊಂಡಿದ್ದೆ ಈಕಿ ಮುಂದ. ನಿಮ್ಮಪ್ಪ ಚಲೋ ಕಥಿ ಹೇಳ್ಯಾನವ್ವಾ ನಿನಗ. ಅವನಿಗೊಂದು ಮೆಡಲ್ ಕೊಡೂಣು, ಸುಳ್ಳ ಹೇಳಿದ್ದಕ್ಕ!"

ಸಭೆ ದೊಡ್ಡದಾಗಿ ನಕ್ಕಿತು. ನಾನು ವೇದಿಕೆಯತ್ತ ನೋಡಿದೆ. ಅತ್ತೆ ಮುಂದಕ್ಕೆ ಬಾಗಿ, ಕುರ್ಚಿಯ ಕೈ ಹಿಡಿದು, ಅರ್ಧ ಎದ್ದು ನಿಂತಿದ್ದರು. ಅವರ ಮುಖದಲ್ಲಿ ಪಾರಾದವರ ನೆಮ್ಮದಿ ಇರಲಿಲ್ಲ. ಅವರು ಹೊನ್ನವ್ವನನ್ನು ನೋಡುತ್ತಿರಲಿಲ್ಲ. ನೇರವಾಗಿ ನನ್ನನ್ನು ನೋಡುತ್ತಿದ್ದರು.

ಆಗ ತಿಳಿಯಿತು. ರಾತ್ರಿ ಅವರು ಗೆರೆಯನ್ನು ಅಳಿಸುತ್ತಿರಲಿಲ್ಲ. ಅದರಲ್ಲಿ ಉಳಿದ ಕಪ್ಪನ್ನು ಪಿನ್ನಿನಿಂದ ಕೆರೆದು ತೆಗೆಯುತ್ತಿದ್ದರು. ಹೊನ್ನವ್ವನ ಕಣ್ಣಿಗೋ ಕೈಗೋ ಅದು ಸಿಗಲಿ ಎಂದು. ಬಾಯಿಂದ ಹೇಳಲಾಗದ್ದನ್ನು ಅಕ್ಷರವೇ ಹೇಳಲಿ ಎಂದು. ನಾನು ಅದರ ಬಾಯಿಗೆ ಮೇಣ ತುಂಬಿದ್ದೆ.

ಪದಕವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದೆ. ಜನ ಉಪ್ಪಿಟ್ಟು, ಚಹಾಕ್ಕೆಂದು ಅಂಗಳಕ್ಕೆ ಹೋದರು. ಅತ್ತೆಯನ್ನು ಫೋಟೋದವರು ಸುತ್ತುಗಟ್ಟಿದ್ದರು. ನಾನು ನೀರು ಕುಡಿಯಲು ಪಕ್ಕದ ಸಿಬ್ಬಂದಿ ಕೋಣೆಗೆ ಹೋದರೆ ಅಲ್ಲಿ ಹೊನ್ನವ್ವ ಒಬ್ಬರೇ ಕೂತಿದ್ದರು. ಮುಂದೆ ಚಹಾ ಆರುತ್ತಿತ್ತು. ತೋರುಬೆರಳಿನಿಂದ ಮೇಜಿನ ಮೇಲೆ ಒಂದು ಗುಂಡು ಬರೆಯುತ್ತಿದ್ದರು, ಅದರೊಳಗೆ ಒಂದು ಗೆರೆ. ಮತ್ತೆ ಗುಂಡು, ಮತ್ತೆ ಗೆರೆ.

"ಯಾರವಾ ಅದು?"

"ನಾನ್ರಿ. ಮಧುರಾ. ನರ್ಮದಾಬಾಯಿಯವರ ಸೊಸಿ."

"ಹೌದನು. ಕುಂಡ್ರು." ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದರು. "ನಮ್ಮಪ್ಪ ಬ್ಯಾರೇ ಯಾರ ಮುಂದನೂ ಈ ಮಾತ ಆಡಲಿಲ್ಲವಾ. ನಾ ಸಣ್ಣಾಕಿ ಅಂತ ನನ್ನ ಮುಂದ ಆಡಿದ್ದಾ. ಅವನ ಹೆಣದ ಮುಂದ ಕುಂತಾಗೂ ನಾ ಅದನ್ನ ನಂಬಿದ್ದೆ. ಇವತ್ತ ನಾಕ ಮಂದ್ಯಾಗ ಅವನ್ನ ನಗಿಪಾಟಲ ಮಾಡಿಬಿಟ್ಟೆ. ಸುಳ್ಳ ಯಾ ಬಾಯಿಂದ ಹೇಳಿದ್ನೋ. ನನ್ನ ಮುಂದ ಯಾಕ ಹೇಳಬೇಕಿತ್ತು?"

ಎದ್ದು ಹೋಗಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಪದಕ ಗಾಜಿನೊಳಗಿತ್ತು, ಬೆನ್ನು ಕೆಳಗೆ. ಸಂಜೆ ಡಬ್ಬಿಗೆ ಹಾಕಿ ಒಯ್ದರೆ ಮುಗಿಯಿತು. ಬಾಗಿಲವರೆಗೆ ಹೋದೆ. ಹಿಂದೆ ಬೆರಳು ಮೇಜಿನ ಮೇಲೆ ಮತ್ತೆ ಸರಿಯಿತು: ಗುಂಡು, ಗೆರೆ.

ಸಭಾಂಗಣ ಖಾಲಿಯಿತ್ತು. ಗಾಜಿನ ಪೆಟ್ಟಿಗೆ ತೆರೆದು ಪದಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ. ಬಳೆಗೆ ಸಿಗಿಸಿಕೊಂಡಿದ್ದ ಸೇಫ್ಟಿಪಿನ್ ತೆಗೆದು, ಹೊನ್ನವ್ವನ ಪಕ್ಕದಲ್ಲೇ ನಿಂತು ಮೇಣ ಕೆರೆದೆ. ಕರ್, ಕರ್. ರಾತ್ರಿ ಕೇಳಿದ ಅದೇ ಸದ್ದು. ಹೊನ್ನವ್ವ ತಲೆ ಎತ್ತಿದರು. ನಾನು ಅವರ ಬೆರಳು ಹಿಡಿದು ಆ ಗುಂಡಿನ ಮೇಲಿಟ್ಟೆ.

ಬೆರಳು ಒಳಗೆ ಹೋಯಿತು. ನಿಂತಿತು. ಅಲ್ಲೇ ನಿಂತಿತು.

"ಯಾರು ಮುಚ್ಚಿದ್ರು?" ಬೆರಳು ತೆಗೆಯದೆ ಕೇಳಿದರು.

"ನಾನ್ರಿ. ಇವತ್ತ ಮುಂಜಾನೆ."

"ಯಾಕ?"

"ಅಂಜಿಕಿ ಆತ್ರಿ."

"ಯಾರದು?"

ನಿಮ್ಮ ಮಗನದು, ಕೆಲಸದ್ದು, ಅತ್ತೆಯ ಎದೆಯದು, ಪೇಪರಿನವರದು. ಎಲ್ಲರದು ಎಂದು ಹೇಳಬೇಕಿತ್ತು. ಬಾಗಿಲಲ್ಲಿ ನೆರಳು ಬಿತ್ತು. ಅತ್ತೆ ನಿಂತಿದ್ದರು, ಹೆಗಲ ಮೇಲೆ ಸನ್ಮಾನದ ಶಾಲು ಹಾಗೇ ಇತ್ತು. ಮೇಜಿನ ಮೇಲೆ ಉದುರಿದ ಕಪ್ಪು ಮೇಣ ನೋಡಿದರು. ನನ್ನನ್ನು ಬೈಯಲಿಲ್ಲ. ಬಾಗಿಲು ಮುಂದೆ ಮಾಡಿ, ಹೊನ್ನವ್ವನ ಎದುರು ಕುರ್ಚಿ ಎಳೆದುಕೊಂಡು ಕೂತರು.

"ಹೊನ್ನವ್ವಾ, ಅಪ್ಪ ಸಾಯೂ ಮುಂದ ನಂಗ ಹೇಳಿದ್ರು. ಸವಡಿಕರ ಅಂತ ಕೂಗಿದಾಗ ಇಬ್ಬರೂ ಎದ್ರಂತ. ಅಪ್ಪ ಹಾದಿ ಬಾಜೂಕ ಕೂತಿದ್ರು, ಹೆಗಲ ಮ್ಯಾಲೆ ನಾನು. ನಾಕು ಹೆಜ್ಜಿ ಹೋಗಿ ಹಿಂದ ನೋಡಿದ್ರ ನಿಮ್ಮಪ್ಪ ಕೂತುಬಿಟ್ಟಿದ್ರಂತ. ಆ ರಾತ್ರಿ ಖೋಲ್ಯಾಗ ಪದಕ ತಿರುವಿ ಓದಿದ ಮ್ಯಾಲೆ ಅಪ್ಪಗ ಖರೇ ಗೊತ್ತಾತು. 'ಆವಾಗ ಯಾಕ ಕರೀಲಿಲ್ಲೋ' ಅಂತ ಕೇಳಿದ್ರ, 'ಕೂಸಿನ್ನ ಎತಗೊಂಡ ಹೊಂಟಾಂವನ್ನ ಮಂದಿ ಮುಂದ ಹ್ಯಾಂಗ ತಡೀಲಿ' ಅಂದ್ರಂತ ನಿಮ್ಮಪ್ಪ. ಮರುದಿನ ಪೇಪರಿನಾಗ ಫೋಟೋ ಬಂತು. ಆಮ್ಯಾಲೆ ಅಪ್ಪಗ ಬಾಯಿ ಬರಲಿಲ್ಲ. ನಂಗೂ ಬರಲಿಲ್ಲ. ನಲವತ್ತು ವರ್ಷ ಆ ಕಥಿ ನಗಕೋತ ಹೇಳೀನಿ. ಹೇಳಿದಾಗೆಲ್ಲಾ ಅಂಜೀನಿ."

ಪದಕವನ್ನು ನನ್ನ ಕೈಯಿಂದ ತೆಗೆದು ಹೊನ್ನವ್ವನ ಮಡಿಲಲ್ಲಿಟ್ಟರು. "ತಗೋರಿ. ನಿಮ್ಮದು."

ಹೊನ್ನವ್ವ ಅದನ್ನು ಮುಟ್ಟಿಕೊಂಡು ಕೂತರು. ಹೊರಗೆ ಗುರುಸಂಗಪ್ಪನವರ ದೊಡ್ಡ ನಗೆ, ಬೂಟಿನ ಸದ್ದು. "ಅವ್ವ ಎಲ್ಲಿ ಹ್ವಾದ್ಲು?" ಎಂದು ಯಾರನ್ನೋ ಕೇಳುತ್ತ ಈ ಕಡೆಗೇ ಬರುತ್ತಿದ್ದರು. ಗಾಜಿನ ಪೆಟ್ಟಿಗೆ ಬಾಯಿ ತೆರೆದು ನಿಂತಿರುವುದು ನನಗೆ ನೆನಪಾಯಿತು. ಕೀಲಿಯನ್ನು ಅದರಲ್ಲೇ ಬಿಟ್ಟು ಬಂದಿದ್ದೆ. ಅತ್ತೆಯ ಕೈ ಎದೆಯ ಮೇಲೆ ಹೋಯಿತು. ನಾನು ಅವರ ಉಸಿರನ್ನು ನೋಡುತ್ತಿದ್ದೆ.

"ನನ್ನ ಮಗ ಹಟಮಾರಿ" ಎಂದರು ಹೊನ್ನವ್ವ ಮೆಲ್ಲಗೆ. "ಇವತ್ತ ಎಷ್ಟ ನಕ್ಕಾನ, ನಾಳೆ ಅಷ್ಟಽ ಕುಣೀತಾನ. ಪೇಪರಿಗೆ ಹಾಕಸ್ತಾನ. ಸತ್ತಾಂವನ್ನ ಎಳದ ತಂದು ಕಳ್ಳ ಅಂತಾನ. ಈ ಹುಡುಗಿ ಕೆಲಸಾನೂ ಹೋಗ್ತೈತಿ." ಮಡಿಲಿನ ಪದಕ ತೆಗೆದು, ನನ್ನ ಕೈ ತಡಕಿ ಹುಡುಕಿ, ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿದರು. "ನಮ್ಮಪ್ಪ ತಾನಽ ಕುಂತಾ. ಯಾರೂ ಕುಂಡ್ರಸಲಿಲ್ಲ ಅವನ್ನ. ಈಗ ನಾ ಯಾಕ ಎದ್ದ ನಿಲ್ಲಲಿ? ನನಗ ಸುಳ್ಳ ಹೇಳಿದ್ದಿಲ್ಲ ಅಂವ. ನನಗ ಅಷ್ಟಽ ಬೇಕಿತ್ತು."

"ಹೊನ್ನವ್ವಾ..." ಅತ್ತೆ ಅವರ ಮೊಣಕೈ ಹಿಡಿದರು.

"ನಿಮ್ಮ ಮನ್ಯಾಗಽ ಇರಲಿ ನರ್ಮದಾಬಾಯಾರ. ಚಿಲಕ ಮಾತ್ರ ಇನ್ನೊಮ್ಮೆ ಮುಚ್ಚಬ್ಯಾಡ್ರಿ."

ಬಾಗಿಲು ತೆರೆಯಿತು. ಗುರುಸಂಗಪ್ಪ ಹಲ್ಲುಕಡ್ಡಿ ಕಚ್ಚಿಕೊಂಡು ಇಣುಕಿದರು. ನಾನು ಮುಷ್ಟಿಯನ್ನು ಸೆರಗಿನೊಳಗೆ ಎಳೆದುಕೊಂಡೆ.

"ಏನು, ಬಾಗಲಾ ಹಾಕ್ಕೊಂಡು ಮೂರೂ ಮಂದಿ ಪಂಚಾಯ್ತಿ ನಡಿಸೀರಿ? ಅವ್ವಾ, ನಾ ಸುಮ್ನ ಚ್ಯಾಷ್ಟಿ ಮಾಡೇನಿ. ಮನಸಿಗೆ ಹಚಗೊಂಡಿಯೇನ ಮತ್ತ?"

ಹೊನ್ನವ್ವ ಚಹಾದ ಕಪ್ಪನ್ನು ತಡಕಿ ಎತ್ತಿಕೊಂಡರು. ಅವರ ಕಣ್ಣಿಗೆ ಕಾಣದಿದ್ದರೂ ಮಗನ ಮುಖದ ಕಡೆಗೇ ನೇರವಾಗಿ ತಿರುಗಿದರು. ನನ್ನ ಅಂಗೈಯಲ್ಲಿ ಪದಕದ ಅಂಚು ಒತ್ತುತ್ತಿತ್ತು. ಅವರು ಒಂದು ಮಾತು ಆಡಿದರೆ ಸಾಕಿತ್ತು.

"ಚಾದಾಗ ಸಕ್ಕರಿನಽ ಇಲ್ಲಪ್ಪಾ" ಎಂದರು. "ಅದನ್ನಽ ಮಾತಾಡಾಕತ್ತಿದ್ವಿ."